ತೊರವಿ ಸೀಮೆಯ ನಡನೋವು ಮತ್ತು ಯಾರೂ ಕೇಳದ ಪ್ರಶ್ನೆಗಳು

ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಸಿಗುವ ತೊರವಿಯನ್ನು ನಾಡು ನೆನೆಯುವುದು ಕುಮಾರ ವಾಲ್ಮೀಕಿಯ ರಾಮಾಯಣಕ್ಕಾಗಿ, ನರಸಿಂಹನ ಗುಡಿಗಾಗಿ. 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಇದರ ಮಗ್ಗುಲಲ್ಲೇ ನವರಸಪುರವೆಂಬ ಹೊಸ ನಗರ ಕಟ್ಟಿಸತೊಡಗಿದ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಉಳಿದ ಸಂಗೀತ ಮಹಲಿನ ಕಮಾನುಗಳನ್ನು ಇಂದಿಗೂ ನೋಡಬಹುದು. ಆ ಕಲ್ಲುಗಳನ್ನು ಹೊತ್ತವರ ನಡ ಏನಾಯಿತು ಎಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ. ವೈದ್ಯದ ತಿಳಿವಳಿಕೆ ಆಗ ಇರಲಿಲ್ಲವೆಂದಲ್ಲ. ಅದೇ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಸ್ತಾ ಭಾರತೀಯ ವೈದ್ಯವನ್ನು ಕುರಿತು ಪಾರಸಿಯಲ್ಲಿ ‘ದಸ್ತೂರುಲ್ ಅತಿಬ್ಬಾ’ ಎಂಬ ಗ್ರಂಥವನ್ನೇ ರಚಿಸಿದ್ದ. ಅದಕ್ಕೂ ಬಹು ಹಿಂದೆ ಚರಕ ಸಂಹಿತೆ ಎಂಬತ್ತು ವಾತರೋಗಗಳನ್ನು ಎಣಿಸುವಾಗ ಸೊಂಟದಿಂದ ಕಾಲಿಗಿಳಿಯುವ ನೋವನ್ನು ಗೃಧ್ರಸಿ ಎಂದು ಹೆಸರಿಸಿತ್ತು. ಹಾಗಾಗಿ ಈ ಸೀಮೆಯ ನಡನೋವಿನ ಚರಿತ್ರೆಯನ್ನು ಮದ್ದಿಲ್ಲದವರ ಕಥೆಯೆಂದು ಹೇಳುವುದು ತಪ್ಪಾಗುತ್ತದೆ. ಮದ್ದು ಯಾವ ಕಾಲಕ್ಕೂ ಇತ್ತು. ನೋವು ಹೊತ್ತು ಬಂದವರ ದುಡಿಮೆಯನ್ನು, ಕುಡಿಯುವ ನೀರನ್ನು, ಕಟ್ಟಿದ ದನಕರು ಕುರಿಗಳನ್ನು ವಿಚಾರಿಸಿ ಚಿಕಿತ್ಸೆ ಹೇಳುವ ಮೊದಲ ಬಾಗಿಲು ಮಾತ್ರ ಸರಿಯಾಗಿ ತೆರೆಯಲೇ ಇಲ್ಲ.

ಈ ಭಾಗದ ಎರೆಹೊಲದ ದುಡಿಮೆ ಎಂಥದೆಂದು ತಿಳಿಯಲು ಹಿಂಗಾರಿ ಬಿಳಿಜೋಳದ ಸುಗ್ಗಿಯೊಂದೇ ಸಾಕು. ಇಲ್ಲಿ ಜೋಳವನ್ನು ಕೊಯ್ಯುವುದಕ್ಕಿಂತ ಕೀಳುವುದೇ ರೂಢಿ. ಆಳೆತ್ತರದ ದಂಟನ್ನು ಬುಡದ ಹತ್ತಿರ ಎರಡೂ ಕೈಯಲ್ಲಿ ಹಿಡಿದು, ನಡ ಬಗ್ಗಿಸಿ, ಬಿರಿದ ಕರಿಮಣ್ಣಿನಿಂದ ಬೇರು ಸಹಿತ ಜಗ್ಗಬೇಕು, ಬೇರಿನ ಮಣ್ಣು ಕೊಡವಿ ಸಾಲಾಗಿ ಹಾಕಬೇಕು, ಮತ್ತೆ ಬಗ್ಗಬೇಕು. ಆಮೇಲೆ ತೆನೆ ಮುರಿಯುವುದು, ಕಣಿಕೆಯ ಹೊರೆ ಕಟ್ಟಿ ಬಣವೆಗೆ ಒಟ್ಟುವುದು. ಇದರಲ್ಲಿ ಹೆಂಗಸರ ಪಾಲು ದೊಡ್ಡದು, ಅವರಿಗೆ ಮನೆಯ ನೀರು ಹೊರುವ ಕೆಲಸ ಬೇರೆ. ಟೊಂಕ ಹಿಡಿದಾಗ, ಚಳಕು ಬಿದ್ದಾಗ ಮನೆಯಲ್ಲೇ ಎಣ್ಣೆ ತಿಕ್ಕಿ, ಲಕ್ಕಿ ತಪ್ಪಲು ಹಾಕಿ ಕುದಿಸಿದ ನೀರೆರೆದು, ಬಿಸಿ ಇಟ್ಟಿಗೆಯ ಕಾವು ಕೊಡುತ್ತಿದ್ದರು. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಚಳಕು ಹೋಗುತ್ತದೆಂಬ ನಂಬಿಕೆ ಕನ್ನಡ ಮರಾಠಿ ಸೀಮೆಯಲ್ಲೆಲ್ಲ ಇದೆ. ಕೊನೆಗೆ ಬರೆ. ಇದನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವವರು ಗೃಧ್ರಸಿಗೆ ಸುಡುವ ಚಿಕಿತ್ಸೆಯನ್ನು ಶಾಸ್ತ್ರಗ್ರಂಥಗಳೇ ಹೇಳಿವೆ ಎಂಬುದನ್ನು ಮರೆಯುತ್ತಾರೆ. ಆದರೂ ಬರೆ ಹಾಕುವುದನ್ನು ಸಮರ್ಥಿಸಲಾರೆ. ಸುಟ್ಟ ಗಾಯ ಕೀವಾಗುತ್ತದೆ, ಒಳಗಿನ ರೋಗ ಬೆಳೆಯುತ್ತಲೇ ಇರುತ್ತದೆ. ಹಳೆಯ ಉಪಚಾರಗಳಲ್ಲಿ ಒಪ್ಪಬೇಕಾದದ್ದು ಬೇರೆ ಇದೆ. ಎಣ್ಣೆ ತಿಕ್ಕುವವರಿಗೆ ಆ ನಡ ಯಾವ ಹೊಲದಲ್ಲಿ, ಯಾವ ಹೊರೆಯ ಕೆಳಗೆ ನೊಂದಿತೆಂಬುದು ಗೊತ್ತಿರುತ್ತಿತ್ತು. ಉಪಚಾರ ಪಡೆದವರು ಹಾಸಿಗೆ ಹಿಡಿಯುತ್ತಿರಲಿಲ್ಲ, ಏಕೆಂದರೆ ಹಿಡಿಯುವಂತಿರಲಿಲ್ಲ. ಬಡತನದ ಆ ಒತ್ತಾಯವನ್ನು ಹೊಗಳಬೇಕಿಲ್ಲ. ಆದರೆ ಆಧುನಿಕ ವೈದ್ಯವೇ ದಶಕಗಳ ಕಾಲ ನಡನೋವಿಗೆ ವಾರಗಟ್ಟಲೆ ಮಲಗಿರಲು ಹೇಳಿ, 1986ರಲ್ಲಿ ಅಮೆರಿಕದಲ್ಲಿ 203 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಏಳು ದಿನ ಮಲಗುವುದಕ್ಕಿಂತ ಎರಡೇ ದಿನ ಮಲಗುವುದು ಲೇಸೆಂದು ಕಂಡುಕೊಂಡಿತು. ಓಡಾಡುತ್ತಲೇ ಇರಿ ಎಂಬುದು ಇಂದು ಜಗತ್ತಿನ ಬಹುಪಾಲು ವೈದ್ಯರ ಸಲಹೆ.

ಹಾಗಾದರೆ ಸರಕಾರದ ಆರೋಗ್ಯ ಕೇಂದ್ರ ಬಂದಾಗ ಏನಾಯಿತು? 1946ರ ಭೋರ್ ಸಮಿತಿಯ ವರದಿಯ ಬೆನ್ನಿಗೆ, 1952ರ ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಳ್ಳಿಗಳಿಗೆ ಬರತೊಡಗಿದವು. ಮುಂಬಯಿ ಪ್ರಾಂತದಲ್ಲಿದ್ದ ಈ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಕೇಂದ್ರಗಳ ಮುಂದಿದ್ದ ಪಟ್ಟಿಯಲ್ಲಿ ಸಿಡುಬು, ಮಲೇರಿಯಾ, ಕ್ಷಯ, ಬಾಣಂತಿಯರ ಸಾವು, ಕುಟುಂಬ ಯೋಜನೆ ಇದ್ದವು. ನಡನೋವು ಕೊಲ್ಲುವುದಿಲ್ಲ, ಮಕ್ಕಳು ಸಾಯುತ್ತಿರುವಾಗ ಅದಕ್ಕೆಲ್ಲಿ ಪುರಸೊತ್ತು ಎಂದು ಯಾರಾದರೂ ಆಕ್ಷೇಪಿಸಿದರೆ, ಆ ಕಾಲದ ಮಟ್ಟಿಗೆ ಅದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಸಿಡುಬು ಹೋಗಿ ಅರ್ಧ ಶತಮಾನವಾಗುತ್ತ ಬಂತು. 2018ರಲ್ಲಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಬದಲಿಸುವಾಗ ಹನ್ನೆರಡು ಬಗೆಯ ಸೇವೆಗಳ ಪಟ್ಟಿ ಮಾಡಿದರು. ರಕ್ತದೊತ್ತಡ, ಮಧುಮೇಹ, ಕಣ್ಣು ಕಿವಿ, ಹಲ್ಲು, ಮನೋರೋಗ ಎಲ್ಲ ಅದರಲ್ಲಿ ಬಂದವು. ಮೂಳೆ ಕೀಲು ಸ್ನಾಯುಗಳ ನೋವಿಗೆ ಪ್ರತ್ಯೇಕ ಸಾಲು ಸಿಗಲಿಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನ ಅನುಭವಿಸುತ್ತಿದ್ದರೆಂದು ಅಂದಾಜಿಸಲಾದ ನಡನೋವು, ಮನುಷ್ಯರನ್ನು ಅಶಕ್ತರಾಗಿಸುವ ಕಾರಣಗಳಲ್ಲಿ ಮೊದಲನೆಯದು, ನೋಂದಣಿ ಪುಸ್ತಕದ ‘ಇತರೆ’ ಎಂಬ ಕಾಲಂನಲ್ಲೇ ಉಳಿಯಿತು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ತರಬೇತಿ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಒಂದು ಇಂಜೆಕ್ಷನ್, ನಾಲ್ಕು ಗುಳಿಗೆ, ಮುಂದಿನವರು ಬನ್ನಿ ಎಂಬಲ್ಲಿಗೆ ಮುಗಿಯುತ್ತದೆ.

ಕೇಳದೆ ಬಿಟ್ಟದ್ದರ ಬೆಲೆ ಎಷ್ಟೆಂಬುದಕ್ಕೆ ಸಾಕ್ಷ್ಯ ಈ ಜಿಲ್ಲೆಯಲ್ಲೇ ಇದೆ. ಮೊದಲನೆಯದು ಜಾನುವಾರು. ಇಲ್ಲಿನ ವೈದ್ಯಕೀಯ ಕಾಲೇಜಿನ ಸಂಶೋಧಕರು ಹದಿನಾರು ವರ್ಷಗಳಲ್ಲಿ ಪತ್ತೆಹಚ್ಚಿದ 495 ಬ್ರುಸೆಲ್ಲಾ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಕುರಿ, ಆಡು, ದನಗಳಿಂದ ಮನುಷ್ಯರಿಗೆ ಹರಡುವ ಈ ರೋಗದಲ್ಲಿ ಬಿಡದ ಜ್ವರ, ಕೀಲುನೋವಿನ ಜೊತೆಗೆ ಸೊಂಟನೋವು ಮುಖ್ಯ ಲಕ್ಷಣ. ಎಣ್ಣೆ ತಿಕ್ಕಿದರೂ ಬೆಲ್ಟ್ ಕಟ್ಟಿದರೂ ಇದು ಹೋಗದು. ಎರಡು ಬಗೆಯ ಆಂಟಿಬಯಾಟಿಕ್ ಕನಿಷ್ಠ ಆರು ವಾರ ಬೇಕು. ‘ಕುರಿ ಈಯುವಾಗ ಕೈ ಹಚ್ಚಿದ್ದಿರೇನು? ಹಸಿ ಹಾಲು ಕುಡೀತೀರೇನು?’ ಎಂದು ಕೇಳಿದರೆ ಅನುಮಾನ ಹುಟ್ಟುತ್ತದೆ, ಕೇಳದಿದ್ದರೆ ಇಲ್ಲ. ಎರಡನೆಯದು ನೀರು. ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ ತೊರವಿಯ ನೀರನ್ನು ನೆಲದೊಳಗಿನ ಸುರಂಗದಲ್ಲಿ ವಿಜಯಪುರಕ್ಕೆ ಒಯ್ದಿದ್ದರು. ಆ ಸುರಂಗ, ಮೆಟ್ಟಿಲುಬಾವಿಗಳ ಕಾಲ ಮುಗಿದು ಕೊಳವೆಬಾವಿ ಬಂದದ್ದರಿಂದ ದೊಡ್ಡ ಒಳಿತಾಯಿತು. ಬಾವಿಗಿಳಿಯುವುದು ನಿಂತದ್ದು ನಾರುಹುಣ್ಣನ್ನು ಅಳಿಸಲು ನೆರವಾಯಿತು. 1996ರ ನಂತರ ದೇಶದಲ್ಲಿ ಆ ರೋಗ ಕಾಣಲಿಲ್ಲ. ಆದರೆ ಆಳದ ನೀರು ಕೆಲವೆಡೆ ಫ್ಲೋರೈಡನ್ನೂ ಮೇಲೆ ತಂದಿತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ; ಪ್ರಮಾಣ ಇನ್ನೂ ಹೆಚ್ಚಿದ್ದರೆ ಬೆನ್ನುಮೂಳೆ ಬಿಗಿದು ಬಗ್ಗುವುದೇ ಕಷ್ಟವಾಗುತ್ತದೆ. ವಿಜಯಪುರ ಫ್ಲೋರೈಡ್ ಬಾಧಿತ ಜಿಲ್ಲೆಗಳಲ್ಲೊಂದು. ಇದನ್ನೂ ಯಂತ್ರಕ್ಕಿಂತ ಮೊದಲು ಹಿಡಿಯುವುದು ಯಾವ ನೀರು ಕುಡಿಯುತ್ತೀರಿ ಎಂಬ ಮಾತೇ.

ಅಥಣಿ ರಸ್ತೆಯಲ್ಲಿ ಅಲ್ ಅಮೀನ್, ಸೊಲ್ಲಾಪುರ ರಸ್ತೆಯಲ್ಲಿ ಬಿಎಲ್‌ಡಿಇ, ಹೀಗೆ 1980ರ ದಶಕದಿಂದ ಎರಡು ವೈದ್ಯಕೀಯ ಕಾಲೇಜುಗಳಿರುವಾಗ ಸಣ್ಣ ಆಸ್ಪತ್ರೆಯ ಮಾತೇಕೆ, ನೇರ ಹೋಗಿ ಎಂಆರ್‌ಐ ಮಾಡಿಸಬಾರದೇಕೆ ಎಂದು ಕೇಳುವವರಿದ್ದಾರೆ. ದೊಡ್ಡ ಆಸ್ಪತ್ರೆ ಬೇಕೇ ಬೇಕು, ಆದರೆ ಬೇಕಾದವರಿಗೆ. ಕ್ಷಯ, ಗಡ್ಡೆ, ಮೂಳೆಮುರಿತದಂಥ ಖಚಿತ ಕಾರಣ ಸಿಗುವುದು ಹತ್ತು ರೋಗಿಗಳಲ್ಲಿ ಹೆಚ್ಚೆಂದರೆ ಒಬ್ಬರಲ್ಲಿ. ಮಿಕ್ಕವರಿಗೆ ಚಿತ್ರ ತೆಗೆಸಿದರೆ ‘ಡಿಸ್ಕ್ ಸವೆದಿದೆ’ ಎಂಬ ಮಾತು ಹೇಗೂ ಬರುತ್ತದೆ. ನೋವೇ ಇಲ್ಲದ ಇಪ್ಪತ್ತರ ಹರೆಯದವರಲ್ಲಿ ಶೇ 37, ಎಂಬತ್ತರವರಲ್ಲಿ ಶೇ 96 ಮಂದಿಗೆ ಆ ಸವೆತ ಇರುತ್ತದೆಂದು 2015ರ ಸಮೀಕ್ಷೆಯೊಂದು ತೋರಿಸಿತು. ಆ ಮಾತು ಕೇಳಿ ಹೆದರಿ ಕೂಲಿ ಬಿಟ್ಟವರ ನಡ ಇನ್ನಷ್ಟು ಬಿಗಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗಾಗಿ ಹೊರಡಿಸಿದ ಮಾರ್ಗಸೂಚಿ ಸೊಂಟದ ಬೆಲ್ಟು, ಎಳೆತದ ಚಿಕಿತ್ಸೆಗಳನ್ನು ವಾಡಿಕೆಯಾಗಿ ಕೊಡಬೇಡಿ ಎನ್ನುತ್ತದೆ; ತಿಳಿಹೇಳುವುದು, ವ್ಯಾಯಾಮ ಇವನ್ನು ಮುಂದಿಡುತ್ತದೆ. ಇವೆಲ್ಲ ಹಳ್ಳಿಯ ಕೇಂದ್ರದಲ್ಲೇ ಆಗುವ ಕೆಲಸ.

ತಿಕೋಟಾ, ಬಬಲೇಶ್ವರ ಈಗ ಬೇರೆ ಬೇರೆ ತಾಲೂಕುಗಳು. ಜೋಳದ ಹೊಲಗಳ ನಡುವೆ ದ್ರಾಕ್ಷಿ ಪಡಗಳು ಎದ್ದಿವೆ. ಬಳ್ಳಿ ಸವರುವ ಚಾಟ್ನಿಗೆ ದಿನವಿಡೀ ಕೈ ಮೇಲೆತ್ತಿ ನಿಲ್ಲುವ ಕೂಲಿಕಾರರ ನೋವು ಜೋಳ ಕೀಳುವವರದಕ್ಕಿಂತ ಬೇರೆ ಬಗೆಯದು. ಆರೋಗ್ಯ ಇಲಾಖೆ ಇಲ್ಲಿನ ಕೇಂದ್ರಗಳ ನೋಂದಣಿ ಪುಸ್ತಕದಲ್ಲಿ ನಡನೋವಿಗೊಂದು ಕಾಲಂ ತೆರೆದು, ಏನು ಕೆಲಸ, ಯಾವ ನೀರು, ಯಾವ ಜಾನುವಾರು ಎಂಬ ಮೂರು ಪ್ರಶ್ನೆಗಳನ್ನು ಅದರಲ್ಲಿ ಸೇರಿಸಲಿ. ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿಯವರನ್ನು ಕಳಿಸಲಿ. ಅಲ್ಲಿಯತನಕ ಡಾಕ್ಟರು ಕೇಳದಿದ್ದರೂ ಈ ಮೂರನ್ನು ನೀವೇ ಹೇಳಿ. ನಡನೋವಿನ ಜೊತೆ ಜ್ವರ ಇದ್ದರೆ, ತೂಕ ಇಳಿಯುತ್ತಿದ್ದರೆ ತಡಮಾಡದೆ ತೋರಿಸಿ. ಕಾಲು ಸೋತರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಿ.