ಓದುಗನ ಹೊಸ್ತಿಲವರೆಗೆ

ಪುಸ್ತಕೋದ್ಯಮದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಚ್ಚುಮೊಳೆಯಿಂದ ತೊಡಗಿ ಮುದ್ರಣಾಲಯದ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅಚ್ಚಾದ ಪುಸ್ತಕ ಓದುಗನ ಮನೆಯ ಹೊಸ್ತಿಲನ್ನು ಮುಟ್ಟಿದ್ದು ಹೇಗೆಂಬ ಪ್ರಶ್ನೆ ಹಿಂದೆಯೇ ಉಳಿದುಬಿಡುತ್ತದೆ. ಹೊಸಗನ್ನಡ ಸಾಹಿತ್ಯದ ಅಳಿವು ಉಳಿವು ಬಹುಮಟ್ಟಿಗೆ ಈ ಕೊನೆಯ ಹಾದಿಯನ್ನೇ ಅವಲಂಬಿಸಿತ್ತು. ಅದನ್ನು ಕ್ರಮಿಸಲು ನಮ್ಮ ಹಿರಿಯರು ಮುಖ್ಯವಾಗಿ ಮೂರು ಮಾರ್ಗಗಳನ್ನು ಹಿಡಿದರು.

ಮೊದಲನೆಯದು, ತಾನೇ ಹೊತ್ತು ಒಯ್ಯುವುದು. ಗಳಗನಾಥರೆಂದು ನಾಡಿಗೆ ಪರಿಚಿತರಾದ ವೆಂಕಟೇಶ ತಿರಕೋ ಕುಲಕರ್ಣಿಯವರ (1869–1942) ಹೆಸರು ಇಲ್ಲಿ ತಾನಾಗಿಯೇ ನೆನಪಿಗೆ ಬರುತ್ತದೆ. ಅವರು ಬಾಳಿದ ಮುಂಬಯಿ ಕರ್ನಾಟಕದಲ್ಲಿ ಅಂದು ಮರಾಠಿಯ ಪ್ರಾಬಲ್ಯ. ಕನ್ನಡ ಪುಸ್ತಕವನ್ನು ಹುಡುಕಿಕೊಂಡು ಬರುವ ಗಿರಾಕಿ ವಿರಳ. ಓದುಗ ಬಾರದಿದ್ದಾಗ ಬರೆದವನೇ ಅವನ ಬಳಿಗೆ ಹೋಗಬೇಕಾಯಿತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು, ಊರೂರು ತಿರುಗಿ ಮಾರಿದರು. ಈ ಕ್ರಮದಲ್ಲಿ ದಲ್ಲಾಳಿಯ ಪಾಲಿಲ್ಲ, ಅಂಚೆಯ ವೆಚ್ಚವಿಲ್ಲ. ಓದುಗನನ್ನು ಎದುರಿಗೇ ಕಂಡು ಅವನ ಅಭಿರುಚಿಯನ್ನು ಅರಿಯುವ ಲಾಭವೂ ಉಂಟು. ಆದರೆ ಒಬ್ಬ ಮನುಷ್ಯ ಹೊರಬಲ್ಲ ಭಾರಕ್ಕೆ, ನಡೆಯಬಲ್ಲ ದೂರಕ್ಕೆ ಮಿತಿಯಿದೆ. ಲೇಖಕನು ಹೀಗೆ ಅಲೆದ ದಿನಗಳು ಬರವಣಿಗೆಗೆ ಸಲ್ಲದೆ ಹೋದ ದಿನಗಳೂ ಹೌದು.

ಎರಡನೆಯದು ಅಂಚೆ. ದೂರವನ್ನೆಣಿಸದೆ ತೂಕಕ್ಕೆ ತಕ್ಕಂತೆ ಕಾಗದಗಳಿಗೆ ದರ ಕಟ್ಟುವ ಪದ್ಧತಿ 1854ರಲ್ಲಿ ಬಂದಿತು, 1877ರಲ್ಲಿ ವಿ.ಪಿ.ಪಿ. ಬಂದಿತು. ಅಂಚೆಯವನು ಕಟ್ಟನ್ನು ತಂದು, ಬೆಲೆಯನ್ನು ಎಣಿಸಿಕೊಂಡ ಮೇಲೆ ಕೈಗೆ ಕೊಡುವನು. ಹಣ ಅಂಚೆಯ ಮೂಲಕವೇ ಪ್ರಕಾಶಕನಿಗೆ ಸೇರುವುದು. ಪರಸ್ಪರ ಮುಖವನ್ನೇ ಕಾಣದ ಇಬ್ಬರ ನಡುವೆ ಸರ್ಕಾರ ಜಾಮೀನು ನಿಂತಂತಾಯಿತು. ಪುಸ್ತಕದಂಗಡಿಯನ್ನೇ ಕಾಣದ ಹಳ್ಳಿಯ ಶಾಲಾಮಾಸ್ತರರೂ ಒಂದು ಕಾರ್ಡು ಬರೆದು ಕಾದಂಬರಿಯನ್ನು ತರಿಸಿಕೊಳ್ಳಬಹುದಾಯಿತು. ದೋಷವಿದ್ದುದು ಒಂದೇ ಕಡೆ: ತರಿಸಿಕೊಂಡವನು ಮನಸ್ಸು ಬದಲಾಯಿಸಿಯೋ, ಆ ದಿನ ಕೈಯಲ್ಲಿ ಕಾಸಿಲ್ಲದೆಯೋ ಕಟ್ಟನ್ನು ಹಿಂದಿರುಗಿಸಿದರೆ, ವೆಚ್ಚವೆಲ್ಲ ಪ್ರಕಾಶಕನ ತಲೆಗೆ.

ಮೂರನೆಯದು ಚಂದಾ. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯನ್ನು ಜಿ. ಬಿ. ಜೋಶಿಯವರು ಬೆಳೆಸಿದ್ದು ಚಂದಾದಾರರ ಬಲದಿಂದ. ಎಷ್ಟು ಪ್ರತಿಗಳು ಯಾವ ಯಾವ ಊರಿಗೆ ಹೋಗಬೇಕೆಂಬುದು ಅಚ್ಚಿಗೆ ಮೊದಲೇ ತಿಳಿದಿದ್ದರೆ ಪ್ರಕಾಶಕನ ಆತಂಕ ಅರ್ಧ ಕಳೆದಂತೆ. ಇಲ್ಲಿ ಓದುಗನೂ ಒಂದಿಷ್ಟು ಭಾರವನ್ನು ಹೊರುತ್ತಾನೆ: ತಾನು ಆರಿಸದ, ಹೆಸರನ್ನೂ ಕೇಳಿರದ ಲೇಖಕನ ಪುಸ್ತಕವನ್ನು ನಂಬಿಕೆಯಿಂದ ಬರಮಾಡಿಕೊಳ್ಳುತ್ತಾನೆ. 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಈ ಮಾಲೆಯಲ್ಲೇ ಹೊರಬಂದವು. ಕಾರ್ನಾಡರು ಆಗಿನ್ನೂ ಇಪ್ಪತ್ತಮೂರರ ತರುಣರು. ಅಂಥವರ ಮೊದಲ ನಾಟಕವನ್ನು ತಲೆಯ ಮೇಲೆ ಹೊತ್ತು ಮಾರಲು ಹೊರಟಿದ್ದರೆ ಎಷ್ಟು ಬಾಗಿಲು ತೆರೆಯುತ್ತಿದ್ದವೋ!

ಈ ಮೂರರಲ್ಲಿ ಯಾವುದೂ ಭಾರವಿಲ್ಲದ ಮಾರ್ಗವಲ್ಲ. ಮೊದಲನೆಯದರಲ್ಲಿ ಲೇಖಕ, ಎರಡನೆಯದರಲ್ಲಿ ಪ್ರಕಾಶಕ, ಮೂರನೆಯದರಲ್ಲಿ ಓದುಗ ಹೆಗಲು ಕೊಟ್ಟಿದ್ದಾನೆ. ಇಂದು ಫೋನಿನಲ್ಲಿ ಬೇಡಿಕೆ ಸಲ್ಲಿಸಿದರೆ ಪುಸ್ತಕ ಮನೆಗೆ ಬರುತ್ತದೆ. ಪುಸ್ತಕ ಕೈಸೇರಿದ ಮೇಲೆ ಹಣ ಕೊಡುವ ಅನುಕೂಲವೂ ಇದೆ. ವಾಹನ ಹೊಸದು, ಕ್ರಮ ಮಾತ್ರ ವಿ.ಪಿ.ಪಿ.ಯದೇ, ಹಿಂದಿರುಗಿದ ಕಟ್ಟಿನ ನಷ್ಟವೂ ಹಳೆಯದೇ. ಈ ಕ್ರಮದಲ್ಲಿ ನಾವು ಬಲ್ಲ ಪುಸ್ತಕ ಬೇಗ ಬರುತ್ತದೆ, ಸಂತೋಷ. ಆದರೆ ನಾವು ಕೇಳದಿದ್ದ, ಕೇಳಲು ತಿಳಿಯದಿದ್ದ ಪುಸ್ತಕವನ್ನು ಮನೆಗೆ ತಂದುಕೊಟ್ಟದ್ದು ಚಂದಾ ಪದ್ಧತಿ. ಹೊಸ ಬರಹಗಾರರಿಗೆ ಓದುಗರನ್ನು ಒದಗಿಸಬೇಕೆನ್ನುವ ಸಣ್ಣ ಪ್ರಕಾಶಕರು ಆ ಹಳೆಯ ಮಾರ್ಗವನ್ನು ಇನ್ನೊಮ್ಮೆ ಪರಿಶೀಲಿಸುವುದು ಒಳಿತು.