ದೂರದ ಪಾಠದ ಒಡೆತನ: ಅಮೆರಿಕದ ಕಪ್ಪು ಜನರ ಕಾಲೇಜುಗಳಲ್ಲಿ ನಾಯಕತ್ವ ಮತ್ತು ಆನ್‌ಲೈನ್ ಶಿಕ್ಷಣ

1906ರಲ್ಲಿ ಅಲಬಾಮಾದ ಟಸ್ಕೀಗಿ ಸಂಸ್ಥೆ ಒಂದು ಕುದುರೆಗಾಡಿಯನ್ನು ಹಳ್ಳಿಗಳಿಗೆ ಕಳಿಸಿತು. ಗಾಡಿಯಲ್ಲಿ ಉಕ್ಕಿನ ನೇಗಿಲು, ಬೆಣ್ಣೆ ಕಡೆಯುವ ಯಂತ್ರ, ಹಾಲು ಪರೀಕ್ಷಿಸುವ ಸಲಕರಣೆ ಇದ್ದವು. ತರಗತಿಗೆ ಬರಲಾಗದ ಕಪ್ಪು ರೈತರ ಹೊಲಕ್ಕೇ ಪಾಠ ಹೋಗಬೇಕೆಂಬುದು ಸಂಸ್ಥೆಯ ಮುಖ್ಯಸ್ಥ ಬೂಕರ್ ಟಿ. ವಾಷಿಂಗ್ಟನ್ ಅವರ ಹಟ. ಗಾಡಿಯನ್ನು ಸಜ್ಜುಗೊಳಿಸುವುದರಲ್ಲಿ ಅಲ್ಲಿನ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಕೈಯಿತ್ತು. ಊರೂರು ಸುತ್ತಿ ಕಲಿಸಿದವರು ಥಾಮಸ್ ಕ್ಯಾಂಪ್‌ಬೆಲ್. ಹಣ ಕೊಟ್ಟ ನ್ಯೂಯಾರ್ಕಿನ ಧನಿಕ ಮಾರಿಸ್ ಜೆಸಪ್ ಹೆಸರೇ ಗಾಡಿಗೂ ಬಂತು. ಮುಂದೆ 1923ರಲ್ಲಿ ರಸ್ತೆಗಿಳಿದ ಮೋಟಾರು ಶಾಲೆಗೆ ಮಾತ್ರ ಕಪ್ಪು ರೈತರೇ ಚಂದಾ ಕೂಡಿಸಿದರು. ಹಾಗಾಗಿ ಟಸ್ಕೀಗಿಯಂಥ ಕಪ್ಪು ಜನರ ಕಾಲೇಜುಗಳಿಗೆ ದೂರಶಿಕ್ಷಣ ಹೊಸದೆಂಬ ಮಾತು ನಿಲ್ಲುವುದಿಲ್ಲ. ಗಾಡಿಯ ಒಡೆತನ ಯಾರದು ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು. ಆನ್‌ಲೈನ್ ಯುಗದ ನಾಯಕತ್ವವನ್ನು ಅಳೆಯಬೇಕಾದದ್ದು ಅದರಿಂದಲೇ ಎಂಬುದು ಈ ಲೇಖನದ ವಾದ.

1964ಕ್ಕೆ ಮೊದಲು ಸ್ಥಾಪನೆಯಾಗಿ, ಕಪ್ಪು ಜನರ ಶಿಕ್ಷಣವನ್ನೇ ಮುಖ್ಯ ಗುರಿಯಾಗಿಸಿಕೊಂಡ ಕಾಲೇಜುಗಳನ್ನು 1965ರ ಉನ್ನತ ಶಿಕ್ಷಣ ಕಾಯ್ದೆ ಪ್ರತ್ಯೇಕವಾಗಿ ಗುರುತಿಸಿತು. ಇಂದು ಅವು ನೂರರ ಆಸುಪಾಸಿನಲ್ಲಿವೆ. ಇವುಗಳ ಅಧ್ಯಕ್ಷರೆಂದರೆ ವಿದ್ಯಾರ್ಥಿಗಳ ಕಣ್ಣೆದುರಿಗಿರುವ ಹಿರಿಯರು ಎಂಬ ರೂಢಿ ಗಟ್ಟಿಯಾಗಿದೆ. 1940ರಿಂದ 1967ರವರೆಗೆ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜನ್ನು ನಡೆಸಿದ ಬೆಂಜಮಿನ್ ಮೇಸ್ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಮಂಗಳವಾರಗಳಂದು ಮಾತಾಡುತ್ತಿದ್ದರು. ಕೇಳಿದವರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೂಡ ಒಬ್ಬರು. ಪರದೆಯ ಮೇಲೆ ಇಂಥ ಸಾಮೀಪ್ಯ ಉಳಿದೀತೇ ಎಂಬ ಆತಂಕ ಸಹಜ. ಆದರೆ ಚರ್ಚೆಯೆಲ್ಲ ಅಲ್ಲೇ ಸುತ್ತುತ್ತಿರುವಾಗ ಹಣದ ಲೆಕ್ಕ ಮರೆಗೆ ಸರಿಯುತ್ತದೆ.

ಆ ಲೆಕ್ಕ ಕಟುವಾದದ್ದು. 1890ರ ಮಾರಿಲ್ ಕಾಯ್ದೆಯಡಿ ಬೆಳೆದ ಕಪ್ಪು ಕೃಷಿ ವಿಶ್ವವಿದ್ಯಾಲಯಗಳಿಗೆ 1987ರಿಂದ 2020ರವರೆಗೆ 1,200 ಕೋಟಿ ಡಾಲರಿಗೂ ಮಿಕ್ಕಿ ಅನುದಾನ ಖೋತಾ ಆಗಿದೆಯೆಂದು 2023ರಲ್ಲಿ ಕೇಂದ್ರ ಸರ್ಕಾರವೇ 16 ರಾಜ್ಯಗಳ ಗವರ್ನರುಗಳಿಗೆ ಪತ್ರ ಬರೆಯಿತು. ಕೈಯಲ್ಲಿ ಬಂಡವಾಳವಿಲ್ಲದ ಕಾಲೇಜು ಆನ್‌ಲೈನ್ ಕೋರ್ಸು ಕಟ್ಟಲು ಹೊರಗಿನ ಕಂಪನಿಯ ಬಾಗಿಲು ತಟ್ಟುತ್ತದೆ. ವಿದ್ಯಾರ್ಥಿಗಳನ್ನು ಸೇರಿಸಿದ್ದಕ್ಕೆ ತಲೆಲೆಕ್ಕದಲ್ಲಿ ಕಮಿಷನ್ ಕೊಡುವುದನ್ನು ಅಮೆರಿಕದ ಕಾನೂನು ನಿಷೇಧಿಸಿದೆ. ಆದರೆ ಪ್ರಚಾರ, ತಂತ್ರಜ್ಞಾನ, ದಾಖಲಾತಿಗಳನ್ನು ಒಂದೇ ಕಟ್ಟಾಗಿ ಒದಗಿಸುವ ಕಂಪನಿಗೆ ಶುಲ್ಕದಲ್ಲಿ ಪಾಲು ಕೊಡಬಹುದೆಂದು 2011ರ ಸರ್ಕಾರಿ ಮಾರ್ಗಸೂಚಿ ದಾರಿ ಬಿಟ್ಟುಕೊಟ್ಟಿತು. ಈ ಉದ್ಯಮದಲ್ಲಿ ಆ ಪಾಲು ಅರ್ಧವನ್ನು ದಾಟುವುದೂ ಉಂಟು.

ಡೇವಿಡ್ ಥಾಮಸ್ ಅಧ್ಯಕ್ಷರಾಗಿದ್ದಾಗ, 2021ರಲ್ಲಿ, ಓದು ಅರ್ಧಕ್ಕೆ ಬಿಟ್ಟ ಗಂಡಸರಿಗಾಗಿ ಮೋರ್‌ಹೌಸ್ ಆನ್‌ಲೈನ್ ಪದವಿ ಶುರುಮಾಡಿತು. ಜೊತೆಗಾರ ಕಂಪನಿ ಟೂಯು. ಗುರಿಯ ಬಗ್ಗೆ ತಕರಾರಿಲ್ಲ. ದುಡಿಯುವ ವಯಸ್ಕರನ್ನು ಮರಳಿ ಕರೆತರುವುದು ಟಸ್ಕೀಗಿಯ ದಾರಿಯೇ. ಆದರೆ 2024ರ ಜುಲೈನಲ್ಲಿ ಟೂಯು ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಕಂಪನಿ ಆಮೇಲೂ ನಡೆಯಿತೆನ್ನಿ. ಆದರೂ ಪಠ್ಯದ ಹಕ್ಕು, ವಿದ್ಯಾರ್ಥಿಗಳ ದತ್ತಾಂಶ, ಕರಾರಿನಿಂದ ಹೊರಬರುವ ಷರತ್ತು ಇವೆಲ್ಲ ಅಧ್ಯಕ್ಷರ ಮೇಜಿನ ಮೇಲಿರಬೇಕಾದ ವಿಷಯಗಳೆಂದು ಈ ಪ್ರಸಂಗ ತೋರಿಸಿತು. ಕಂಪ್ಯೂಟರ್ ವಿಭಾಗಕ್ಕೆ ದಾಟಿಸಿ ಕೈತೊಳೆದುಕೊಳ್ಳುವಂಥವಲ್ಲ ಇವು.

ಇನ್ನೊಂದು ದಾರಿ ಕೂಡಿ ನಡೆಯುವುದು. ಟಸ್ಕೀಗಿಯ ಅಧ್ಯಕ್ಷ ಫ್ರೆಡರಿಕ್ ಪ್ಯಾಟರ್ಸನ್ 1944ರಲ್ಲಿ ಸಂಯುಕ್ತ ನೀಗ್ರೋ ಕಾಲೇಜು ನಿಧಿ ಕಟ್ಟಿದ್ದು, ಕಾಲೇಜುಗಳು ಬಿಡಿಬಿಡಿಯಾಗಿ ಕೈಚಾಚುವುದು ತಪ್ಪಲೆಂದು. ಅದೇ ನಿಧಿ ಈಗ ಈ ಕಾಲೇಜುಗಳಿಗೆಂದು ಎಚ್‌ಬಿಸಿಯುವಿ ಎಂಬ ಹಂಚಿಕೆಯ ಆನ್‌ಲೈನ್ ವೇದಿಕೆಯನ್ನು ರೂಪಿಸಿದೆ. ಇಂಥ ವೇದಿಕೆಯಲ್ಲಿ ತೊಡಕುಗಳು ಬೇರೆ: ಒಂದು ಕಾಲೇಜಿನ ವಿದ್ಯಾರ್ಥಿ ಇನ್ನೊಂದರ ಪಾಠ ಕೇಳಿದರೆ ಶುಲ್ಕ ಯಾರಿಗೆ, ಅಂಕಪಟ್ಟಿ ಯಾರದು, ಅಧ್ಯಾಪಕರ ಕೆಲಸದ ಹೊರೆ ಯಾವ ಲೆಕ್ಕಕ್ಕೆ? ತಂತಮ್ಮ ಪಠ್ಯಕ್ರಮದ ಮೇಲಿನ ಹಿಡಿತವನ್ನು ಕೊಂಚ ಸಡಿಲಿಸಲು ಅಧ್ಯಕ್ಷರೂ ಅಧ್ಯಾಪಕ ಮಂಡಳಿಗಳೂ ಒಪ್ಪದೆ ಇವು ಇತ್ಯರ್ಥವಾಗುವುದಿಲ್ಲ.