ಕೊಂಡಿಯ ಮೇಲಿನ ಭಾರ

1947ರ ಒಂದು ಜಾಹೀರಾತಿನ ಚಿತ್ರವಿದೆ. ಆಲ್ಫ್ರೆಡ್ ಲೆಟೋರ್ನರ್ ಎಂಬ ಫ್ರೆಂಚ್ ಸೈಕಲ್ ಪಟು ತನ್ನ ಸೈಕಲ್ಲಿಗೆ ಬೆಳ್ಳಿಯಂತೆ ಹೊಳೆಯುವ ಏರ್‌ಸ್ಟ್ರೀಮ್ ಟ್ರೇಲರ್ ಕಟ್ಟಿಕೊಂಡು ಎಳೆಯುತ್ತಿದ್ದಾನೆ. ಮಲಗಲು, ಉಣ್ಣಲು ಜಾಗವಿರುವ ಒಂದು ಮನೆಯೇ ಒಬ್ಬ ಮನುಷ್ಯನ ಕಾಲಿನ ಬಲಕ್ಕೆ ಉರುಳುತ್ತಿದೆ! ಕಂಪನಿ ಈ ಚಿತ್ರವನ್ನು ಎಷ್ಟೋ ವರ್ಷ ಮೆರೆಸಿತು. ಅದರಲ್ಲಿ ಸುಳ್ಳೇನೂ ಇಲ್ಲ. ಸಮತಟ್ಟಾದ ನೆಲದ ಮೇಲೆ ಗಾಲಿಯಿರುವ ಭಾರವನ್ನು ಎಳೆಯುವುದು ನಾವು ಅಂದುಕೊಂಡಷ್ಟು ಕಷ್ಟವಲ್ಲ. ಆದರೆ ಆ ಸೈಕಲ್ಲಿನ ಮೇಲೆ ಎಷ್ಟು ಭಾರ ಬಿದ್ದಿತ್ತು ಎಂಬುದನ್ನು ಚಿತ್ರ ಹೇಳುವುದಿಲ್ಲ. 'ನನ್ನ ಗಾಡಿ ಇದನ್ನು ಎಳೆಯುತ್ತದಾ?' ಎಂದು ಕೇಳುವವರೇ ಹೆಚ್ಚು. ಮೊದಲ ಟ್ರೇಲರ್ ಕೊಂಡಾಗ ನಾನು ಕೇಳಿದ್ದೂ ಅದನ್ನೇ.

ಎತ್ತಿನ ಗಾಡಿ ಹೂಡಿದವರು ಹೀಗೆ ಕೇಳುತ್ತಿರಲಿಲ್ಲ. ಮಂಡ್ಯದ ಕಡೆಯ ನಮ್ಮೂರಿನಲ್ಲಿ ಗಾಡಿಗೆ ಮೂಟೆ ಹೇರುವಾಗ ತಾತ ಮೊದಲು ನೋಡುತ್ತಿದ್ದದ್ದು ಮೂಕಿಯನ್ನು. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರ ಅತಿಯಾದರೆ ಹೆಗಲು ಕುಸಿಯುತ್ತದೆ. ಮುಂದಕ್ಕೆ ಒಂಚೂರು ವಾಲಿರಬೇಕು, ಅಷ್ಟೇ. ಏರು ಬಂದಾಗ ತಾತ ಮುಂದೆ ಸರಿದು ಮೂಕಿಯ ಮೇಲೆ ಕೂರುತ್ತಿದ್ದರು, ಇಳುಕಲಿನಲ್ಲಿ ಹಿಂದಕ್ಕೆ ಹೋಗುತ್ತಿದ್ದರು. ತಮ್ಮ ಮೈಯನ್ನೇ ತೂಕದ ಕಲ್ಲು ಮಾಡಿಕೊಂಡಿದ್ದರು. ಮುಂದೆ ಗಾಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಮಿತಿಮೀರಿ ಕಬ್ಬು ಹೇರಿದ ಟ್ರೇಲರನ್ನು ಎಳೆಯುವಾಗ ಟ್ರ್ಯಾಕ್ಟರಿನ ಮುಂಗಾಲಿಗಳು ನೆಲ ಬಿಟ್ಟು ಏಳುವುದನ್ನು, ಅವನ್ನು ಅದುಮಲು ಹುಡುಗರು ಮುಂದಿನ ಬಂಪರಿನ ಮೇಲೆ ಕೂರುವುದನ್ನು ನಗುತ್ತಾ ನೋಡಿದ್ದೇವೆ. ಸ್ಟೀರಿಂಗ್ ಕೆಲಸ ಮಾಡುವುದು ಆ ಗಾಲಿಗಳ ಮೇಲೆ ಎಂಬುದು ಆಗ ಹೊಳೆದಿರಲಿಲ್ಲ.

ಈಗ ನಾನಿರುವುದು ಉತ್ತರ ಕೆರೊಲೈನಾದಲ್ಲಿ. ಕೆಲವು ವರ್ಷಗಳ ಹಿಂದೆ ಟ್ರೇಲರ್ ಕಟ್ಟಿಕೊಂಡು ಷಿಕಾಗೋಗೆ ಹೋದವರು, ಮರಳುವಾಗ ಇಂಡಿಯಾನಾದ ಎಲ್ಕಾರ್ಟ್ ಊರಿನಲ್ಲಿ ನಿಂತೆವು. ಟ್ರೇಲರ್ ಮನೆಗಳನ್ನು ಕಟ್ಟುವುದೇ ಆ ಊರಿನ ಬದುಕು, ಅವುಗಳಿಗೊಂದು ಮ್ಯೂಸಿಯಮ್ಮೂ ಅಲ್ಲಿದೆ. ಅಲ್ಲಿ 1913ರ ಒಂದು ಪುಟ್ಟ ಟ್ರೇಲರ್ ಇದೆ, ಮುಂದೆ ಫೋರ್ಡ್ ಮಾಡೆಲ್ ಟಿ ಕಾರು. ಕುದುರೆಗಾಡಿ ಮಾಡುವವರ ಕೈಕೆಲಸ ಅದರ ಮೈಮೇಲೆಲ್ಲ ಕಾಣುತ್ತದೆ. ಅಂಥ ಹಗುರ ಬಂಡಿಗೆ ದೊಡ್ಡ ಕೊಂಡಿಯೇನೂ ಬೇಕಿರಲಿಲ್ಲ. ವೇಗವೂ ಅಷ್ಟಕ್ಕಷ್ಟೆ.

1930ರ ದಶಕದಲ್ಲಿ ಲೆಕ್ಕ ಬದಲಾಯಿತು. ಡೆಟ್ರಾಯಿಟ್‌ನಲ್ಲಿ ಆರ್ಥರ್ ಶರ್ಮನ್ 'ಕವರ್ಡ್ ವ್ಯಾಗನ್' ಹೆಸರಿನ ಟ್ರೇಲರ್‌ಗಳನ್ನು ಸಾವಿರಗಟ್ಟಲೆ ಮಾರಿದ. 1936ರಲ್ಲಿ ವಾಲಿ ಬಯಾಮ್‌ನ ಏರ್‌ಸ್ಟ್ರೀಮ್ ಕ್ಲಿಪ್ಪರ್ ಬಂತು. ಅಲ್ಲಿಗೆ ಕಾರಿನ ಬೆನ್ನಿಗೆ ಬಿದ್ದದ್ದು ಬಂಡಿಯಲ್ಲ, ಮನೆ. ವಿಮಾನ ಕಟ್ಟಿ ಹೆಸರಾಗಿದ್ದ ಗ್ಲೆನ್ ಕರ್ಟಿಸ್ ಇದನ್ನು ಮೊದಲೇ ಗ್ರಹಿಸಿದ್ದನೇನೋ. 1920ರ ದಶಕದ ಕೊನೆಯಲ್ಲಿ ಬಂದ ಅವನ ಏರೋಕಾರ್‌ನ ಕೊಂಡಿ ಕಾರಿನ ಬಾಲದಲ್ಲಿರಲಿಲ್ಲ. ಹಿಂದಿನ ಆಕ್ಸಲ್‌ನ ನೆತ್ತಿಯ ಮೇಲಿತ್ತು. ವಿಮಾನ ಕಟ್ಟಿದವನಿಗೆ ಭಾರ ಎಷ್ಟು ಎಂಬುದಕ್ಕಿಂತ ಅದು ಎಲ್ಲಿ ಕೂರುತ್ತದೆ ಎಂಬುದೇ ಮುಖ್ಯವಾಗಿ ಕಂಡಿರಬೇಕು. ಆದರೆ ಅದಕ್ಕಾಗಿ ಕಾರನ್ನೇ ಕೊಯ್ಯಬೇಕಿತ್ತು. ಮನೆಯ ಕಾರನ್ನು ಕೊಯ್ಯಲು ಯಾರು ಒಪ್ಪುತ್ತಾರೆ? ಜನ ಬಾಲಕ್ಕೇ ಕಟ್ಟಿದರು.

ಬಾಲಕ್ಕೆ ಕಟ್ಟಿದರೆ ಆಗುವುದು ಇಷ್ಟು. 2500 ಕಿಲೋ ಟ್ರೇಲರ್ ಎಂದಿಟ್ಟುಕೊಳ್ಳಿ. ಅದು ನೆಟ್ಟಗೆ ಹಿಂಬಾಲಿಸಬೇಕಾದರೆ ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು. ತಾತ ಹೇಳುತ್ತಿದ್ದ 'ಒಂಚೂರು ಮುಂಭಾರ' ಇದೇ. 300 ಕಿಲೋ ಅನ್ನೋಣ. ಕೊಂಡಿ ಹಿಂದಿನ ಆಕ್ಸಲ್‌ಗಿಂತ ಒಂದೂವರೆ ಮೀಟರ್ ಆಚೆ ಇದೆ, ಎರಡು ಆಕ್ಸಲ್‌ಗಳ ನಡುವೆ ಮೂರು ಮೀಟರ್ ಇದೆ. ಆಗ ಹಿಂದಿನ ಗಾಲಿಗಳ ಮೇಲೆ ಹೆಚ್ಚುವುದು 300 ಅಲ್ಲ, 450 ಕಿಲೋ. ಉಳಿದ 150 ಎಲ್ಲಿಂದ ಬಂತು? ಮುಂದಿನ ಗಾಲಿಗಳಿಂದ ಕಿತ್ತುಕೊಂಡದ್ದು. ಕಬ್ಬಿನ ಟ್ರ್ಯಾಕ್ಟರಿನಂತೆ ಕಣ್ಣಿಗೆ ಕಾಣುವಷ್ಟು ಏಳುವುದಿಲ್ಲ, ಆದರೆ ಸ್ಟೀರಿಂಗ್ ಹಗುರಾಗುತ್ತದೆ, ಮುಂದಿನ ಬ್ರೇಕಿಗೆ ಹಿಡಿತ ತಪ್ಪುತ್ತದೆ, ರಾತ್ರಿ ಹೆಡ್‌ಲೈಟು ರಸ್ತೆ ಬಿಟ್ಟು ಮರದ ತುದಿ ತೋರಿಸುತ್ತದೆ.

ಯುದ್ಧ ಮುಗಿದ ಮೇಲೆ ಟ್ರೇಲರ್‌ಗಳು ಇನ್ನೂ ಬೆಳೆದವು. ಕಾರುಗಳ ಬಾಲ ಉದ್ದವಾಗಿ, ಸ್ಪ್ರಿಂಗುಗಳು ಮೆತ್ತಗಾದವು. ಆ ಕಾಲದ ಹುಚ್ಚನ್ನು ನೋಡಬೇಕಾದರೆ ವಿನ್ಸೆಂಟ್ ಮಿನೆಲ್ಲಿ ನಿರ್ದೇಶಿಸಿದ 1954ರ 'ದಿ ಲಾಂಗ್, ಲಾಂಗ್ ಟ್ರೇಲರ್' ಸಿನಿಮಾ ನೋಡಬೇಕು. ಹೊಸದಾಗಿ ಮದುವೆಯಾದ ಜೋಡಿ ಭಾರಿ ಟ್ರೇಲರ್ ಕಟ್ಟಿಕೊಂಡು ಹೊರಡುತ್ತದೆ. ಹೆಂಡತಿಗೆ ಹೋದಲ್ಲೆಲ್ಲ ಕಲ್ಲು ಆಯುವ ಚಟ. ಬೆಟ್ಟದ ದಾರಿಗೆ ಮುಂಚೆ ಅವನ್ನೆಲ್ಲ ಎಸೆದುಬಿಡು ಎಂದು ಗಂಡ ಹೇಳುತ್ತಾನೆ, ಅವಳು ಒಳಗೇ ಬಚ್ಚಿಡುತ್ತಾಳೆ. ನಾನು ಬಿದ್ದು ಬಿದ್ದು ನಕ್ಕಿದ್ದೆ. ಆಮೇಲೆ ನಗು ಬರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

'ಈಕ್ವಲೈಸಿಂಗ್ ಹಿಚ್' ಬಳಕೆಗೆ ಬಂದು ಹಬ್ಬಿದ್ದು ಈ ಕಾಲದಲ್ಲೇ. ಎಲ್ಕಾರ್ಟಿನ ರೀಸ್ ಕಂಪನಿ ಇಂಥ ಕೊಂಡಿಗಳಿಂದಲೇ ಹೆಸರಾಯಿತು. ಇದರ ಕೆಲಸ ಅರ್ಥವಾಗಲು ಗಾರೆ ಕೆಲಸದವರ ಒಂಟಿಚಕ್ರದ ಕೈಗಾಡಿ ನೆನೆಸಿಕೊಳ್ಳಿ. ಹಿಡಿಗಳನ್ನು ಎತ್ತಿದರೆ ಹಿಂಭಾಗ ಏಳುತ್ತದೆ, ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ. ಕಾರಿನ ಹಿಂದೆ ಅಂಥದೇ ಎರಡು ಹಿಡಿಗಳನ್ನು ಜೋಡಿಸಿದ್ದಾರೆ ಎಂದುಕೊಳ್ಳಿ. ಅವೇ ಸ್ಪ್ರಿಂಗ್ ಬಾರ್‌ಗಳು. ಕೊಂಡಿಯಿಂದ ಹೊರಟು ಟ್ರೇಲರಿನ ಮೂತಿಯ ಚೌಕಟ್ಟಿನ ಕೆಳಗೆ ಹಿಂದಕ್ಕೆ ಚಾಚಿರುತ್ತವೆ. ಅವುಗಳ ತುದಿಯನ್ನು ಚೈನಿನಿಂದ ಚೌಕಟ್ಟಿಗೆ ಎಳೆದು ಬಿಗಿದರೆ ಉಕ್ಕು ಬಿಲ್ಲಿನಂತೆ ಬಾಗುತ್ತದೆ. ಕಾರಿನ ಬಾಲವನ್ನು ಎತ್ತುವ ಬಲ ಹೊರಗಿನಿಂದ ಬರುವುದಿಲ್ಲ, ಟ್ರೇಲರೇ ಎತ್ತಿ ಹಿಡಿಯುತ್ತದೆ. ಹಿಂದಿನ ಆಕ್ಸಲ್‌ನ ಹೊರೆಯಲ್ಲಿ ಒಂದು ಪಾಲು ಮುಂದಿನ ಗಾಲಿಗಳಿಗೂ, ಒಂದು ಪಾಲು ಟ್ರೇಲರಿನ ಗಾಲಿಗಳಿಗೂ ಹೋಗುತ್ತದೆ. ಒಟ್ಟು ತೂಕದಲ್ಲಿ ಒಂದು ಗ್ರಾಮೂ ಕಡಿಮೆಯಾಗುವುದಿಲ್ಲ. ಕಬ್ಬಿನ ಟ್ರ್ಯಾಕ್ಟರಿನ ಬಂಪರಿನ ಮೇಲೆ ಕೂತ ಹುಡುಗರನ್ನು ಇಳಿಸಿ ಆ ಕೆಲಸವನ್ನು ಉಕ್ಕಿಗೆ ವಹಿಸಿದಂತೆ.

ತಕರಾರು ಇರುವುದು ಹೆಸರಿನಲ್ಲಿ. 'ಈಕ್ವಲೈಸಿಂಗ್', ಅಂದರೆ ಸಮ ಮಾಡುವುದು. ಕಾರು ಮುಂದೆಯೂ ಹಿಂದೆಯೂ ಒಂದೇ ಸಮ ಕೂರುವವರೆಗೆ ಚೈನು ಬಿಗಿಯಿರಿ ಎಂಬುದು ಹಳೆಯ ಉಪದೇಶ. ಬಹಳ ಕಾಲ ಅದೇ ವೇದವಾಗಿತ್ತು. ಈಗ ಹಲವು ವಾಹನ ತಯಾರಕರ ಕೈಪಿಡಿಗಳು ಬೇರೆ ಮಾತು ಹೇಳುತ್ತವೆ: ಮುಂದಿನ ಗಾಲಿ ಕಳೆದುಕೊಂಡದ್ದರಲ್ಲಿ ಅರ್ಧದಷ್ಟು ಮರಳಿಸಿ, ಸಾಕು. ಅತಿಯಾಗಿ ಬಿಗಿದರೆ ಹಿಂದಿನ ಗಾಲಿಗಳು ಹಗುರಾಗುತ್ತವೆ. ಟ್ರೇಲರ್ ಪಕ್ಕಕ್ಕೆ ತಳ್ಳಿದಾಗ ತಡೆದು ನಿಲ್ಲಬೇಕಾದವು ಆ ಗಾಲಿಗಳೇ.

ಪಕ್ಕಕ್ಕೆ ತಳ್ಳುವುದು, ಅಂದರೆ ಓಲಾಟ, ಬೇರೆಯದೇ ರೋಗ. ಭಾರ ಹಂಚುವ ಕೊಂಡಿಯನ್ನು ಓಲಾಟದ ಮದ್ದು ಎಂದು ತಿಳಿದವರು ಬಹಳ. ನಾನೂ ಅವರಲ್ಲೊಬ್ಬ. ಕೊಂಡಿಯ ಮೇಲೆ ಭಾರ ಕಡಿಮೆಯಿದ್ದು, ಸಾಮಾನೆಲ್ಲ ಹಿಂದೆ ತುಂಬಿದ್ದರೆ ಟ್ರೇಲರ್ ಗಡಿಯಾರದ ಲೋಲಕವಾಗುತ್ತದೆ. ನಿಧಾನ ಹೋಗುವಾಗ ಗಾಳಿ ದೂಡಿದರೂ ಒಂದೆರಡು ಸಲ ಆಡಿ ಸುಮ್ಮನಾಗುತ್ತದೆ. ಒಂದು ವೇಗ ದಾಟಿತೋ, ಪ್ರತಿ ತೂಗೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಓಲಾಟ ತಡೆಯಲು ಮೊದಮೊದಲು ಬಂದವುಗಳಲ್ಲೊಂದು ಬ್ರೇಕಿನ ಪಟ್ಟಿಯಂತೆ ಉಜ್ಜುವ ಒಂದು ಸರಳು. ಕಾರಿಗೂ ಟ್ರೇಲರಿಗೂ ನಡುವೆ ಕೂತು, ತಿರುವನ್ನು ಬಿಗಿ ಮಾಡುತ್ತದೆ. ಹಿಮ್ಮುಖ ಹೋಗುವ ಮುನ್ನ ಕಳಚಬೇಕು, ಇಲ್ಲದಿದ್ದರೆ ಬಾಗುತ್ತದೆ. ಅದು ತೂಗನ್ನು ತಗ್ಗಿಸೀತೇ ಹೊರತು ತಪ್ಪಾಗಿ ಹೇರಿದ ಭಾರವನ್ನು ಸರಿಮಾಡದು.

ಯುರೋಪಿನವರು ಬೇರೆ ದಾರಿ ಹಿಡಿದರು. ಅಲ್ಲಿನ ಕ್ಯಾರವಾನ್ ಹಗುರ, ಕೊಂಡಿಭಾರವೂ ಬಹುಪಾಲು 100 ಕಿಲೋ ಆಸುಪಾಸು. ಹಾಗಾಗಿ ಸ್ಪ್ರಿಂಗ್ ಬಾರ್ ಬೇಕಾಗಲಿಲ್ಲ. ಕಡಿಮೆ ಕೊಂಡಿಭಾರದ ಅಪಾಯವನ್ನು ಅವರು ವೇಗದಿಂದ ಕಟ್ಟಿಹಾಕಿದರು: ಜರ್ಮನಿಯಲ್ಲಿ ಗಂಟೆಗೆ 80 ಕಿ.ಮೀ., ಪ್ರಮಾಣಪತ್ರವಿದ್ದರೆ 100. ಅಮೆರಿಕದವರು ವೇಗ ಬಿಡಲೊಲ್ಲದೆ ಉಕ್ಕನ್ನು ಹೆಚ್ಚಿಸಿದರು. ನನಗೆ ಯುರೋಪಿನದೇ ಜಾಣತನ ಅನ್ನಿಸುತ್ತದೆ, ಆದರೆ ಇಲ್ಲಿ ಕೇಳುವವರಾರು?

ಇನ್ನು ನನ್ನ ಕಲ್ಲುಗಳ ಕತೆ. ಹೊರಡುವ ಮುನ್ನ ಮನೆಯ ಮುಂದೆ ಟೇಪು ಹಿಡಿದು, ಮುಂದಿನ ಗಾಲಿಯ ಮೇಲಿನ ಮಡ್‌ಗಾರ್ಡ್ ಎತ್ತರ ಅಳೆದು, ಚೈನಿನ ಕೊಂಡಿಗಳನ್ನು ಎಣಿಸಿ ಕೂರಿಸಿದ್ದೆ. ಷಿಕಾಗೋದ ಡೆವಾನ್ ಅವೆನ್ಯೂದಲ್ಲಿ ಅಕ್ಕಿ, ಬೇಳೆ, ರಾಗಿ ಹಿಟ್ಟು, ಒಂದು ಕಲ್ಲಿನ ಗ್ರೈಂಡರ್ ಕೊಂಡೆವು. 'ಮಂಚದ ಕೆಳಗೆ ಇಡ್ರೀ, ಅಲ್ಲಿ ಅಲ್ಲಾಡಲ್ಲ' ಎಂದಳು ಹೆಂಡತಿ. ಮಂಚ ಇದ್ದದ್ದು ಟ್ರೇಲರಿನ ಕಟ್ಟಕಡೆಯಲ್ಲಿ. ನೀರಿನ ಟ್ಯಾಂಕೂ ಅಲ್ಲೇ, ತುಂಬಿತ್ತು. ಎಲ್ಕಾರ್ಟಿನಲ್ಲಿ ಪಾರ್ಕ್ ಮಾಡಿದಾಗ ದೂರದಿಂದ ನೋಡಿದೆ. ಕಾರೂ ಟ್ರೇಲರೂ ಗೆರೆ ಎಳೆದಂತೆ ಮಟ್ಟವಾಗಿದ್ದವು. ಹೆಮ್ಮೆಯಿಂದ ಫೋಟೋ ಬೇರೆ ತೆಗೆದೆ.

ಮರುದಿನ ವರ್ಜೀನಿಯಾದ ಫ್ಯಾನ್ಸಿ ಗ್ಯಾಪ್ ಇಳುಕಲಿನಲ್ಲಿ ಒಂದು ದೊಡ್ಡ ಲಾರಿ ನಮ್ಮನ್ನು ದಾಟಿತು. ಅದರ ಗಾಳಿಗೆ ಟ್ರೇಲರ್ ಬಲಕ್ಕೆ ಸರಿದು, ಎಡಕ್ಕೆ ಬಂತು, ಮತ್ತೆ ಬಲಕ್ಕೆ. ನಾಲ್ಕನೆಯ ತೂಗಿಗೆ ಕನ್ನಡಿಯಲ್ಲಿ ಟ್ರೇಲರಿನ ಇಡೀ ಪಕ್ಕ ಕಂಡಿತು. ಹಿಂದಿನ ಸೀಟಿನಲ್ಲಿ ಮಗಳು 'ಅಪ್ಪಾ' ಅಂದಳು, ಕೂಗಲಿಲ್ಲ. ಬ್ರೇಕ್ ತುಳಿಯಬೇಡ, ಸ್ಟೀರಿಂಗ್ ಎದುರಿಗೆ ತಿರುಗಿಸಬೇಡ ಎಂದು ಓದಿದ್ದೆ. ಕಾಲು ಆಕ್ಸಿಲರೇಟರ್ ಬಿಟ್ಟಿತು. ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಯುವ ಸಣ್ಣ ಸನ್ನೆಯನ್ನು ಬೆರಳು ಹುಡುಕಿ ಒತ್ತಿತು. ಹಿಂದಿನಿಂದ ಯಾರೋ ಜಗ್ಗಿ ಹಿಡಿದಂತಾಗಿ ಎಲ್ಲ ನೇರವಾಯಿತು.

ಕೆಳಗಿಳಿದು ಲಾರಿಗಳನ್ನು ತೂಗುವ ವೇಬ್ರಿಜ್ ಹುಡುಕಿ ಹೋದೆ. ಒಮ್ಮೆ ಬಾರ್ ಬಿಗಿದು, ಒಮ್ಮೆ ಕಳಚಿ, ಒಮ್ಮೆ ಕಾರನ್ನಷ್ಟೇ ನಿಲ್ಲಿಸಿ, ಮೂರು ಸಲ ತೂಗಿಸಿದೆ. ಕೊಂಡಿಭಾರ ಶೇ. 7ಕ್ಕೂ ಕಡಿಮೆಯಿತ್ತು. ಹಿಂಭಾರದಿಂದ ಮೂಕಿ ಎದ್ದಿತ್ತು, ಬಿಗಿದ ಬಾರ್‌ಗಳು ಅದನ್ನು ನನ್ನ ಕಣ್ಣಿಗೆ ಬೀಳದಂತೆ ಮಟ್ಟ ಮಾಡಿ ತೋರಿಸಿದ್ದವು. ಅಲ್ಲೇ ನೀರು ಖಾಲಿ ಮಾಡಿ, ಗ್ರೈಂಡರನ್ನೂ ಅಕ್ಕಿ ಮೂಟೆಗಳನ್ನೂ ಹೊತ್ತು ತಂದು ಟ್ರೇಲರಿನ ಆಕ್ಸಲ್‌ಗಿಂತ ಮುಂದೆ, ಅಡುಗೆಕಟ್ಟೆಯ ಕೆಳಗೆ ಇಟ್ಟೆವು. ಹೆಂಡತಿ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕನೆಯ ಸಲ ತೂಗಿಸಿದಾಗ ಶೇ. 12 ಬಂತು. ಚೈನನ್ನು ಹೊಸದಾಗಿ ಎಣಿಸಿ ಕೂರಿಸಿ, ಕತ್ತಲಾಗುವ ಹೊತ್ತಿಗೆ ಮತ್ತೆ ರಸ್ತೆಗೆ ಬಿದ್ದೆವು.